ಮೇಸ್ತ್ರಿ ಕಟ್ಟಿದ ಓಟದ ಬ್ಯಾಗು

"ನಾನು ಹಾಕಿದ ಗಂಟು ಬಿಚ್ಚೋ ಗಂಡಸು ಇನ್ನೂ ಹುಟ್ಟಿಲ್ಲ!"

ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಮೇಸ್ತ್ರಿಗೆ ಉಂಡದ್ದು ಅರಗುತ್ತಿರಲಿಲ್ಲ. ಹೇಳುವ ಹಕ್ಕೂ ಅವರಿಗಿತ್ತೆನ್ನಿ. ಮನೆ ಬದಲಾಯಿಸುವವರ ಸಾಮಾನು ಕಟ್ಟಿ ಲಾರಿಗೇರಿಸುವ ಕಂಪನಿಗೆ ಅವರು ಸೇರಿದಾಗ ತಲೆಗೂದಲು ಕಪ್ಪಗಿತ್ತು. ಅದು ಬೆಳ್ಳಗಾಗಿ, ಆಮೇಲೆ ಇಲ್ಲವೇ ಆಗುವವರೆಗೂ ಅವರು ಕಟ್ಟುತ್ತಲೇ ಬಂದಿದ್ದರು. ಒಮ್ಮೆ ಅವರು ಕಟ್ಟಿದ ಪಿಂಗಾಣಿ ಕಪ್ಪುಗಳ ಪೆಟ್ಟಿಗೆ ಹೊತ್ತ ಲಾರಿ ಘಾಟಿಯ ತಿರುವಿನಲ್ಲಿ ಮಗುಚಿ, ಪಲ್ಟಿ ಹೊಡೆದು ಹೊಡೆದು, ಕೊನೆಗೆ ಪಲ್ಟಿ ಹೊಡೆಯುವುದಕ್ಕೇ ಬೇಸರ ಬಂದು ಹಳ್ಳದ ತಳದಲ್ಲಿ ನಿಂತಿತು. ಲಾರಿ ಗುಜರಿ ಪಾಲಾಯಿತು. ಕಪ್ಪುಗಳಿಗೆ ಮಾತ್ರ ಕೂದಲೆಳೆಯಷ್ಟು ಬಿರುಕಿಲ್ಲ! (ಆ ಪೆಟ್ಟಿಗೆಯನ್ನು ತೆರೆಯಲಾಗದೆ ಮನೆಯವರು ಇವತ್ತಿಗೂ ಸ್ಟೀಲ್ ಲೋಟದಲ್ಲೇ ಕಾಫಿ ಕುಡಿಯುತ್ತಿದ್ದಾರೆ ಎಂಬುದು ಬೇರೆ ಮಾತು. ಹಾಗಾದರೆ ಬಿರುಕಿಲ್ಲವೆಂದು ಗೊತ್ತಾದದ್ದು ಹೇಗೆ ಎಂದು ಕೇಳಬೇಡಿ. ಪೆಟ್ಟಿಗೆಗೆ ಕಿವಿಯಿಟ್ಟು, ಅಲ್ಲಾಡಿಸಿ ನೋಡಿ, ಸ್ವತಃ ಮೇಸ್ತ್ರಿಯೇ ತೀರ್ಪು ಕೊಟ್ಟಿದ್ದಾರೆ.)

ಅವರ ಕಂಪನಿಯಲ್ಲೊಂದು ಪದ್ಧತಿ. ಹಳೇ ಮನೆಯಲ್ಲಿ ಕಟ್ಟುವ ತಂಡ ಬೇರೆ, ಹೊಸ ಮನೆಯಲ್ಲಿ ಬಿಚ್ಚುವ ತಂಡ ಬೇರೆ. ಮೇಸ್ತ್ರಿ ಕಟ್ಟುವ ತಂಡದ ಚಕ್ರವರ್ತಿ. ಬಿಚ್ಚುವವರನ್ನು ಕಂಡರೆ ಅವರಿಗೆ ವಿಪರೀತ ತಾತ್ಸಾರ. "ಕಟ್ಟೋದು ವಿದ್ಯೆ ಕಣ್ರೋ. ಬಿಚ್ಚೋದೇನು, ಇಲಿನೂ ಬಿಚ್ಚುತ್ತೆ" ಎಂದು ಅವರು ಹೇಳಿದರೆ ಬಿಚ್ಚುವ ತಂಡದವರು ತಮ್ಮ ಒಡೆದ ಉಗುರುಗಳನ್ನು ನೋಡಿಕೊಳ್ಳುತ್ತಿದ್ದರು.

ಇಂಥವರಿಗೆ ಗಂಟುಬಿದ್ದ ಹೆಂಡತಿಯ ಕಸುಬು ಇದಕ್ಕೆ ತೀರ ತದ್ವಿರುದ್ಧ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಬೀದಿಯವರ ಬಟ್ಟೆಗಳನ್ನು ಸರಿಮಾಡಿಕೊಡುವ ಆಕೆ ಎಲ್ಲರ ಬಾಯಲ್ಲೂ ಟೇಲರಮ್ಮ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ದೊಗಳೆಯಾದದ್ದನ್ನು ಮೈಗೆ ಕೂರಿಸುವುದು, ಹೆಚ್ಚಾದದ್ದನ್ನು ಕತ್ತರಿಸಿ ಎಸೆಯುವುದು ಅವರ ಕೆಲಸ. ಒಟ್ಟಿನಲ್ಲಿ ಗಂಡ ಸುತ್ತುವವರು, ಹೆಂಡತಿ ಕತ್ತರಿಸುವವರು. ಸಂಸಾರ ಇಷ್ಟು ವರ್ಷ ನಡೆದದ್ದೇ ದೊಡ್ಡದು.

ಟೇಲರಮ್ಮ ಓಟಕ್ಕಿಳಿದ ಕಥೆಯೂ ಕೇಳುವಂಥದ್ದೇ. ಅವರ ಬೀದಿಗೆ ಬರುವ ಕಸದ ಗಾಡಿಯವನು ಯಾರ ಮನೆಯ ಮುಂದೆಯೂ ನಿಲ್ಲಿಸದ ಮಹಾನುಭಾವ. ಟೇಲರಮ್ಮ ಎರಡು ಕೈಯಲ್ಲಿ ಎರಡು ಬಕೆಟ್ಟು ಹಿಡಿದು ಅವನ ಹಿಂದೆ ಓಡುತ್ತಿದ್ದರು. ಮೊದಮೊದಲು ಬೀದಿಯ ಕೊನೆಯವರೆಗೆ, ಆಮೇಲೆ ಪಕ್ಕದ ಬಡಾವಣೆಯವರೆಗೆ. ಒಂದು ದಿನ ಗಾಡಿಯನ್ನೇ ಹಿಂದೆ ಹಾಕಿ, ಮುಂದಿನ ವೃತ್ತದಲ್ಲಿ ಬಕೆಟ್ಟು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, ಅವನಿಗಾಗಿ ಕಾಯುತ್ತ ನಿಂತಿದ್ದರು. ಅವನು ಗಾಡಿ ನಿಲ್ಲಿಸಿ ಕೈಮುಗಿದ. "ಅಮ್ಮಾ, ನೀವು ಈ ಬೀದೀಲಿ ಹಾಳಾಗ್ತಿದೀರ. ಬೆಟ್ಟದ ಓಟಕ್ಕೆ ಹೋಗಿ" ಎಂದ.

ಹೋದರು. ಅದೇನು ಸಾಮಾನ್ಯ ಓಟವಲ್ಲ. ಬೆಳಕು ಹರಿಯುವ ಮುಂಚೆ ಹೊರಟು, ಕಾಡುಹಾದಿಯಲ್ಲಿ ಬೆಟ್ಟದ ಮೇಲೆ ಬೆಟ್ಟ ಹತ್ತಿಳಿದು, ಹೊತ್ತು ಮುಳುಗುವುದರೊಳಗೆ ಹೊರಟ ಜಾಗಕ್ಕೇ ವಾಪಸು ಬರಬೇಕು. ("ಹೊರಟಲ್ಲಿಗೇ ಬರೋದಾದ್ರೆ ಹೋಗೋದ್ಯಾಕೆ?" ಎಂದು ಮೇಸ್ತ್ರಿಯ ತಾಯಿ, ಮನೆಯ ಅಜ್ಜಿ, ಕೇಳಿದ್ದರು.) ಕೊನೆಯಲ್ಲಿ ಗಾಳಿ ತುಂಬಿ ನಿಲ್ಲಿಸಿದ ಕೆಂಪು ಕಮಾನು. ಹೊತ್ತು ಮೀರಿದ ಕೂಡಲೇ ಅದರ ಗಾಳಿ ತೆಗೆದುಬಿಡುತ್ತಾರೆ. ಹೋದ ವರ್ಷ ಟೇಲರಮ್ಮ ಕೂಗಿದರೆ ಕೇಳಿಸುವಷ್ಟು ಹತ್ತಿರ ಬಂದಿದ್ದರು. ಅವರ ಕಣ್ಣೆದುರಿಗೇ ಕಮಾನು ಒಮ್ಮೆ ತೂಗಾಡಿ, ಉಕ್ಕಿದ ಹಾಲು ಇಳಿದಂತೆ ಪುಸ್ಸೆಂದು ಇಳಿದು, ನೆಲಕ್ಕೆ ಮುದ್ದೆಯಾಗಿ ಬಿತ್ತು. ಅವರು ಆ ಮುದ್ದೆಯನ್ನು ದಾಟಿ ಬಂದರು. ಅದು ಲೆಕ್ಕಕ್ಕಿಲ್ಲ ಎಂದರು ಓಟ ನಡೆಸುವವರು. ಆ ವಾರ ಹೊಲಿಯಲು ಬಂದ ಪ್ಯಾಂಟುಗಳೆಲ್ಲ ಚಡ್ಡಿಗಳಾಗಿ ವಾಪಸು ಹೋದವು.

ಈ ವರ್ಷ ಆಕೆಗೆ ಬೇಕಾದದ್ದು ಒಂದೇ. ಗೆಲ್ಲುವುದಲ್ಲ, ಎಷ್ಟನೆಯವಳಾಗಿ ಬಂದೆನೆಂಬುದೂ ಅಲ್ಲ. ಕಮಾನು ಇನ್ನೂ ನಿಂತಿರುವಾಗ ಅದರ ಕೆಳಗೆ ಹಾಯಬೇಕು.

"ಹೋದ ವರ್ಷದ್ದು ನಿನ್ನ ಕಾಲಿನ ತಪ್ಪಲ್ಲ ಕಣೇ" ಎಂದು ಮೇಸ್ತ್ರಿ ಓಟದ ಹಿಂದಿನ ದಿನ ಘೋಷಿಸಿದರು. "ಬ್ಯಾಗಿನ ತಪ್ಪು. ಈ ಸಲ ನಾನು ಕಟ್ತೀನಿ. ನೀನು ಸುಮ್ನೆ ಓಡು."

ಮಂಚದ ಮೇಲೆ ಸಾಮಾನು ಹರಡಿತ್ತು. ಹಿಂಡಿದರೆ ಮುದುರುವ ನೀರಿನ ಬಾಟಲಿ, ಮುಷ್ಟಿಯೊಳಗೆ ಹಿಡಿಸುವ ಮಳೆಕೋಟು, ಹಣೆಗೆ ಕಟ್ಟುವ ದೀಪ, ಸೀಟಿ, ಚಳಿಗೆ ಹೊದೆಯುವ ಮಿರಮಿರ ಹಾಳೆ, ಗಾಯಕ್ಕೆ ಸುತ್ತುವ ಪಟ್ಟಿ, ಖರ್ಜೂರ. ಇವಿಷ್ಟೂ ಓಡುವವರ ಮೈಮೇಲೇ ಇರಬೇಕು ಎಂಬುದು ಓಟದ ನಿಯಮ. ಟೇಲರಮ್ಮ ಕತ್ತರಿ ಹಿಡಿದು ಕೂತು ಮಳೆಕೋಟಿನ ಒಳಚೀಟಿ ಕತ್ತರಿಸಿದರು, ಬ್ಯಾಗಿನ ಜೋತಾಡುವ ಪಟ್ಟಿಗಳನ್ನು ಕತ್ತರಿಸಿದರು, ಖರ್ಜೂರದ ಬೀಜಗಳನ್ನೂ ತೆಗೆಯತೊಡಗಿದರು.

"ಬೀಜ ಎಷ್ಟು ಭಾರ ಇರುತ್ತೇ?"

"ಬೀಜಾನೂ ನಾನೇ ಹೊತ್ಕೊಂಡು ಬೆಟ್ಟ ಹತ್ತಬೇಕಾ?"

ಅವರು ಒಂದೊಂದು ತೆಗೆದಂತೆ ಮೇಸ್ತ್ರಿ ಒಂದೊಂದು ಸೇರಿಸುತ್ತ ಬಂದರು. ಕೊಡೆ ಬಂತು. ಬಿಸಿನೀರಿನ ಫ್ಲಾಸ್ಕು ಬಂತು. ಒಂದು ಸುತ್ತಿಗೆಯೂ ಬಂತು.

"ಸುತ್ತಿಗೆ ಯಾಕ್ರೀ?"

"ದಾರೀಲಿ ಏನಾದ್ರೂ ಸಡಿಲ ಆದ್ರೆ?"

"ಬೆಟ್ಟದಲ್ಲಿ ಏನು ಸಡಿಲ ಆಗುತ್ತೆ?"

"ಬೆಟ್ಟದಲ್ಲಿ ಯಾಕೆ, ಇಲ್ಲೇ ಆಗಿದೆಯಲ್ಲ" ಎಂದು ಮೂಲೆಯಿಂದ ಅಜ್ಜಿ ಮಗನ ತಲೆಯ ಕಡೆ ನೋಡಿದರು. "ಇವನು ಹುಟ್ಟಿದ್ದೂ ಹಾಗೇನೇ ಕಣಮ್ಮ. ಹೊಕ್ಕುಳಬಳ್ಳಿ ಮೈಗೆಲ್ಲ ಸುತ್ಕೊಂಡು ಬಂದ. ಬಿಚ್ಚಿ ಬಿಚ್ಚಿ ಸುಸ್ತಾದ ಸೂಲಗಿತ್ತಿ ಇನ್ನು ನಿಮ್ಮನೆ ಹೆರಿಗೆಗೆ ಬರಲ್ಲ ಅಂದ್ಬಿಟ್ಳು."

ಕೊನೆಗೆ ರಾಜಿಯಾಯಿತು. ಅರ್ಧ ದಾರಿಯಲ್ಲೊಂದು ಚಹಾ ಅಂಗಡಿಯಿದೆ. ಅಲ್ಲಿ ಮನೆಯವರು ಇನ್ನೊಂದು ಬ್ಯಾಗು ಹಿಡಿದು ಕಾಯಬಹುದು. "ಮೈಮೇಲಿನ ಬ್ಯಾಗು ನಂದು, ಅದನ್ನ ಮುಟ್ಟಬೇಡಿ. ಮಧ್ಯದ ಬ್ಯಾಗು ನಿಮ್ದು" ಎಂದರು ಟೇಲರಮ್ಮ. "ಅದರಲ್ಲಿ ನಂಗೆ ಬೇಕಾಗಿರೋದು ಒಂದು ಜೊತೆ ಒಣ ಸಾಕ್ಸು. ಅಷ್ಟೇ. ಅಂಗಡಿಗಿಂತ ಮುಂಚೆ ಹಳ್ಳ ದಾಟಬೇಕು ರೀ. ಹೋದ ವರ್ಷ ಒದ್ದೆ ಸಾಕ್ಸಲ್ಲೇ ಓಡಿ, ಅಂಗಾಲಲ್ಲಿ ಬೊಬ್ಬೆ ಎದ್ದು ಕುಂಟಿದ್ದಕ್ಕೇ ಕಮಾನು ತಪ್ಪಿದ್ದು."

'ಒಣ' ಎಂಬ ಮಾತು ಕಿವಿಗೆ ಬಿದ್ದದ್ದೇ ಮೇಸ್ತ್ರಿಯೊಳಗಿನ ಕಲಾವಿದ ಎದ್ದು ಕೂತ. ಹಳ್ಳವೇ ಖುದ್ದಾಗಿ ಬಂದು ಬಾಗಿಲು ಬಡಿದರೂ ಒಂದು ಹನಿ ಒಳಗೆ ಹೋಗಬಾರದು! ಸಾಕ್ಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರು. ಅದಕ್ಕೆ ಗುಳ್ಳೆಗುಳ್ಳೆಯ ಹಾಳೆ ಸುತ್ತಿದರು. ಅದನ್ನು ಬಿಸ್ಕತ್ತಿನ ತಗಡಿನ ಡಬ್ಬದೊಳಗಿಟ್ಟು, ಡಬ್ಬಕ್ಕೆ ಕಂದು ಟೇಪಿನ ಪ್ರದಕ್ಷಿಣೆ ಹಾಕಿಸಿ, ಬ್ಯಾಗಿನೊಳಗೆ ಕೂರಿಸಿ, ಸುತ್ತ ಹಳೇ ಪೇಪರು ಗಿಡಿದರು. ಕೊನೆಗೆ ಬ್ಯಾಗಿಗೆ ಅಡ್ಡಡ್ಡ ಉದ್ದುದ್ದ ನೈಲಾನ್ ಹಗ್ಗ ಬಿಗಿದು, ಒಂದು ಕಾಲು ಅದರ ಮೇಲಿಟ್ಟು, ಉಸಿರು ಕಟ್ಟಿ, ತಮ್ಮ ಜಗತ್ಪ್ರಸಿದ್ಧ ಗಂಟು ಹಾಕಿದರು. ಮೇಲೊಂದು ಚೀಟಿ ಅಂಟಿಸಿದರು: 'ಜೋಕೆ! ಒಡೆಯುವ ವಸ್ತು.'

"ಸಾಕ್ಸು ಹೆಂಗೋ ಒಡೆಯುತ್ತೆ?" ಎಂದರು ಅಜ್ಜಿ.

ಟೇಲರಮ್ಮ ಬ್ಯಾಗನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಮುಂದಿನ ಕೋಣೆಗೆ ಹೋದರು. ಸ್ವಲ್ಪ ಹೊತ್ತು ಹೊಲಿಗೆ ಯಂತ್ರದ ಟಕಟಕ ಕೇಳಿಸಿತು.

ಮಾರನೆಯ ದಿನ ಅಜ್ಜಿಯನ್ನು ಕಮಾನಿನ ಹತ್ತಿರ ಕುರ್ಚಿ ಹಾಕಿ ಕೂರಿಸಿ, ಮೇಸ್ತ್ರಿ ಮನೆಯವರಿಗಾಗಿ ಬಿಟ್ಟಿದ್ದ ವ್ಯಾನು ಹತ್ತಿ ಚಹಾ ಅಂಗಡಿ ಸೇರಿದರು. ಅಲ್ಲಿ ಉಳಿದವರ ಬ್ಯಾಗುಗಳನ್ನು ನೋಡಿ ಅವರಿಗೆ ಅಳುವೇ ಬಂತು. ಬಾಯಿ ತೆರೆದುಕೊಂಡ ಕೈಚೀಲಗಳು, ಗಾಳಿಗೆ ಹಾರುವ ಪ್ಲಾಸ್ಟಿಕ್ ಕವರುಗಳು! "ಇದನ್ನ ಕಟ್ಟೋದು ಅಂತಾರೇನ್ರೀ?" ಎಂದು ಕೇಳಿ, ತಮ್ಮ ಬ್ಯಾಗನ್ನು ಬೆಂಚಿನ ಮೇಲೆ ಕೂಸಿನಂತೆ ಕೂರಿಸಿ, ಲಾರಿ ಮಗುಚಿದ ಕಥೆಯನ್ನು ಹೇಳಿದರು. ಹೇಳಿದಂತೆಲ್ಲ ಹಳ್ಳ ಆಳವಾಗುತ್ತ ಹೋಯಿತು.

ಅಷ್ಟರಲ್ಲಿ ತಿರುವಿನಲ್ಲಿ ಟೇಲರಮ್ಮ ಕಾಣಿಸಿದರು. ಮೊಣಕಾಲವರೆಗೆ ಒದ್ದೆ, ಮುಖದ ಮೇಲೆ ಕೆಸರು. ಆದರೆ ಹೋದ ವರ್ಷಕ್ಕಿಂತ ಎಷ್ಟೋ ಬೇಗ. ಬೆಂಚಿನ ಮೇಲೆ ಕೂತು ಶೂ ಕಿತ್ತೆಸೆದರು.

"ರೀ, ಸಾಕ್ಸು!"

"ಇಗೋ!" ಎಂದು ಮೇಸ್ತ್ರಿ ಗಂಟಿಗೆ ಕೈಹಾಕಿದರು. ಗಂಟು ಅವರನ್ನು ನೋಡಿತು. ಅವರು ಗಂಟನ್ನು ನೋಡಿದರು. ಆಗ ಮೊದಲ ಸಲ ಅವರಿಗೆ ಹೊಳೆಯಿತು: ಇಡೀ ಜನ್ಮದಲ್ಲಿ ತಾನು ಒಂದೇ ಒಂದು ಗಂಟನ್ನೂ ಬಿಚ್ಚಿಲ್ಲ!

ಉಗುರು ಹಾಕಿದರು, ಉಗುರು ಹೋಯಿತು. ಹಲ್ಲು ಹಾಕಿದರು, ಹಲ್ಲು ಅಲ್ಲಾಡಿತು, ಗಂಟು ಅಲ್ಲಾಡಲಿಲ್ಲ. ಸುತ್ತ ಜನ ಸೇರಿದರು. ಇಬ್ಬರು ಬ್ಯಾಗಿನ ಆ ಕಡೆ, ಇಬ್ಬರು ಈ ಕಡೆ ಹಿಡಿದು ಜಗ್ಗಿದರು. ಅದು ಇನ್ನಷ್ಟು ಬಿಗಿಯಾಯಿತು.

"ಬೇಗ ರೀ!"

"ಒಂದ್ನಿಮಿಷ ಕಣೇ! ಒಳ್ಳೆ ಗಂಟು ಅಂದ್ರೆ ಹೀಗಿರಬೇಕು. ನೋಡ್ರೀ ಎಲ್ಲ, ಹೆಂಗಿದೆ!"

ಅಂಗಡಿಯವನು ಚಾಕು ತಂದ. ಮೇಸ್ತ್ರಿ ಬ್ಯಾಗಿನ ಮೇಲೆ ಬೋರಲು ಬಿದ್ದರು. "ನನ್ನ ಗಂಟಿಗೆ ಚಾಕು ಹಾಕ್ತೀಯಾ? ನಾನು ಬದುಕಿರೋವರೆಗೂ ಅದು ಆಗಲ್ಲ!"

ಟೇಲರಮ್ಮ ನಿಟ್ಟುಸಿರುಬಿಟ್ಟರು. ತಮ್ಮ ಅಂಗಿಯ ಒಳಗೆ, ಬೆನ್ನಿನ ಹತ್ತಿರ, ಹೊಸದಾಗಿ ಹೊಲಿದ ಒಂದು ಪುಟ್ಟ ಜೇಬಿಗೆ ಕೈಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಜೊತೆ ಒಣ ಸಾಕ್ಸು ತೆಗೆದು ಹಾಕಿಕೊಳ್ಳತೊಡಗಿದರು.

ಮೇಸ್ತ್ರಿ ಬ್ಯಾಗಿನ ಮೇಲಿಂದಲೇ ತಲೆಯೆತ್ತಿದರು. "ಇದೆಲ್ಲಿತ್ತು?"

"ನಿನ್ನೆ ನೀವು ಡಬ್ಬಕ್ಕೆ ಟೇಪು ಸುತ್ತುತ್ತಾ ಇದ್ರಲ್ಲ, ಅದನ್ನ ನೋಡಿ ಹೊಲಿದ ಜೇಬು." ಅವರು ಶೂ ಕಟ್ಟಿಕೊಂಡು ಎದ್ದರು. ಒಂದೇ ಎಳೆತಕ್ಕೆ ಬಿಚ್ಚುವ ಸಾದಾ ಗಂಟು. "ನಾನು ಹೊರಟೆ. ನೀವು ಬಿಚ್ಚಿ ಆದ್ಮೇಲೆ ಬನ್ನಿ."

"ನೀನು ಬರೋಷ್ಟರಲ್ಲಿ ನಾನು ಕಮಾನಿನ ಕೆಳಗೆ ನಿಂತಿರ್ತೀನಿ, ನೋಡ್ತಿರು!"

ನಿಲ್ಲಬಹುದಿತ್ತು. ವ್ಯಾನು ಹಾರ್ನ್ ಹಾಕಿ ಕರೆಯಿತು. "ಇನ್ನೊಂದು ಎಳೆ ಬಂದ್ರೆ ಆಯ್ತು" ಎಂದು ಮೇಸ್ತ್ರಿ ಹತ್ತಲಿಲ್ಲ. ಅದರ ಹಿಂದಿನ ವ್ಯಾನೂ ಕರೆಯಿತು. ಆಗ ಒಂದು ಎಳೆ ನಿಜಕ್ಕೂ ಬಂದಿತ್ತು. ಈಗ ಬಿಟ್ಟು ಹೋಗುವುದುಂಟೆ? ಬೆಂಚುಗಳು ಖಾಲಿಯಾದವು. ಬೆಟ್ಟದ ನೆರಳು ಅಂಗಡಿಯ ಮೇಲೆ ಬಿತ್ತು. ಮೇಸ್ತ್ರಿ ಗಂಟಿಗೆ ಬೈದರು, ಬೇಡಿಕೊಂಡರು, ಹಳೇ ಪರಿಚಯ ನೆನಪಿಸಿದರು. ಕೊನೆಗೆ ಅದಕ್ಕೇ ಕನಿಕರ ಹುಟ್ಟಿತೋ ಏನೋ, ಸರಕ್ಕನೆ ಸಡಿಲಾಯಿತು.

"ಬಿಚ್ಚೋ ಗಂಡಸು ಹುಟ್ಟಿದ!" ಎಂದು ಅವರು ಕೈಯೆತ್ತಿ ಕೂಗಿದರು. ಕೇಳಲು ಇದ್ದದ್ದು ಅಂಗಡಿಯವನು, ಒಂದು ನಾಯಿ.

"ಹುಟ್ಟಿ ಬಹಳ ವರ್ಷ ಆದ ಹಾಗಿದೆ ಸ್ವಾಮಿ" ಎಂದ ಅಂಗಡಿಯವನು. "ಇನ್ನಾದ್ರೂ ಹೊರಡಿ, ನಾನು ಬಾಗಿಲು ಹಾಕಬೇಕು. ವ್ಯಾನು ಇಲ್ಲ. ಈ ಒಳದಾರಿ ಹಿಡಿದು ಇಳಿದ್ರೆ ಸೀದಾ ಕಮಾನಿನ ಹತ್ರ ಹೋಗುತ್ತೆ. ಆದ್ರೆ ಓಡಬೇಕು."

ಮೇಸ್ತ್ರಿ ಓಡಿದರು. ಎದೆಗವಚಿಕೊಂಡ ಬ್ಯಾಗಿನೊಳಗೆ ತಗಡಿನ ಡಬ್ಬ ಡಬಡಬ ಬಡಿಯುತ್ತಿತ್ತು, ಹೊರಗೆ ಎದೆಯೂ ಅದೇ ತಾಳದಲ್ಲಿ. ಸುತ್ತಿಗೆ ಬಡಿದು ಕೂರಿಸಿದರೂ ನಿಲ್ಲದಷ್ಟು ಮಂಡಿ ಸಡಿಲವಾಯಿತು. ಬೇಲಿ ಹಾರಿದರು ಎಂದು ಅವರು ಈಗ ಹೇಳುತ್ತಾರೆ. ಬೇಲಿ ಬೇರೆಯದನ್ನೇ ಹೇಳುತ್ತದೆ, ಪ್ಯಾಂಟಿನ ತುಂಡೊಂದು ಇನ್ನೂ ಅಲ್ಲೇ ನೇತಾಡುತ್ತಿದೆ.

ಕಡೆಯ ತಿರುವು ದಾಟಿದಾಗ ಕೆಂಪು ಕಮಾನು ಕಂಡಿತು. ನಿಂತಿತ್ತು! ಅದರಾಚೆ ಅಜ್ಜಿ, ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದ ಟೇಲರಮ್ಮ. ಕತ್ತಿನಲ್ಲಿ ಪದಕ. ಕಮಾನಿನ ಬುಡದಲ್ಲಿ ಒಬ್ಬಾತ ಗಾಳಿಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತಿದ್ದ.

"ಓಡೋ, ಓಡೋ ಮಗನೇ!" ಎಂದು ಅಜ್ಜಿ ಕೋಲು ಎತ್ತಿ ಕೂಗಿದರು.

ಬೆರಳು ಒತ್ತಿತು. ಕಮಾನು ಒಮ್ಮೆ ತೂಗಾಡಿ, ಪುಸ್ಸೆಂದು ನಿಟ್ಟುಸಿರುಬಿಟ್ಟು, ಸರಿಯಾಗಿ ಅದರ ಬುಡಕ್ಕೆ ಬಂದು ಮುಟ್ಟಿದ ಮೇಸ್ತ್ರಿಯ ಮೇಲೆ ಸಾವಕಾಶವಾಗಿ ಮಲಗಿತು. ಊರೆಲ್ಲ ಕಟ್ಟಿದವರನ್ನು ಕೊನೆಗೊಮ್ಮೆ ಯಾರೋ ಅಚ್ಚುಕಟ್ಟಾಗಿ ಸುತ್ತಿದಂತಾಯಿತು.

ಕೆಂಪು ಬಟ್ಟೆಯೊಳಗಿಂದ ಹೇಗೋ ತೂರಿ ಹೊರಬಂದ ಮೇಸ್ತ್ರಿ ಮೊದಲು ನೋಡಿದ್ದು ಪದಕವನ್ನು. "ನಿಂತಿತ್ತೇನೇ? ನೀನು ಬಂದಾಗ?"

"ನೆಟ್ಟಗೆ ನಿಂತಿತ್ತು ರೀ."

ಮೇಸ್ತ್ರಿ ಕಣ್ಣೊರೆಸಿಕೊಂಡು, ಕುರ್ಚಿ ಮಡಚುತ್ತಿದ್ದವರನ್ನೆಲ್ಲ ಹಿಡಿದು ನಿಲ್ಲಿಸಿ, "ನೋಡಿದ್ರಾ? ನನ್ನ ಹೆಂಡತಿ! ಕಸದ ಗಾಡೀನೇ ಹಿಂದೆ ಹಾಕಿದವಳು! ಇವತ್ತು ಬೆಟ್ಟಾನೇ ಹಿಂದೆ ಹಾಕಿದಾಳೆ!" ಎಂದು ಸಾರಿದರು. ಲಾರಿ ಮಗುಚಿದ ಕಥೆ ಅಂದು ಅವರಿಗೆ ನೆನಪೇ ಆಗಲಿಲ್ಲ.

ಗಡಿಯಾರದವನು ಬಂದು ಮೇಸ್ತ್ರಿಯ ಕೆಸರು, ಹರಿದ ಪ್ಯಾಂಟು, ಏದುಸಿರು ಎಲ್ಲ ನೋಡಿ, "ಕ್ಷಮಿಸಿ ಸಾರ್, ಹೊತ್ತು ಮೀರಿತ್ತು. ನಿಮ್ಮನ್ನ ಲೆಕ್ಕಕ್ಕೆ ತಗೊಳ್ಳೋಕಾಗಲ್ಲ" ಎಂದ.

ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಟೇಲರಮ್ಮ ಎದ್ದು ಬಂದು ಗಂಡನ ಕೈಯಿಂದ ಬ್ಯಾಗು ಇಸಿದುಕೊಂಡರು.

"ಬೇಜಾರು ಮಾಡ್ಕೋಬೇಡಿ ರೀ. ನಿಮ್ಮ ಕಾಲಿನ ತಪ್ಪಲ್ಲ, ಬ್ಯಾಗಿನ ತಪ್ಪು. ಬರೋ ವರ್ಷ ನಿಮಗೂ ನಾನೇ ಕಟ್ಟಿಕೊಡ್ತೀನಿ."