ಎರಡೂವರೆ ಪವನು ಕಾಫಿಪುಡಿ

ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರಕ್ಕೆ ನಾನು ಇಡೀ ಕಾಲೇಜಿಗೇ ಎರಡನೆಯವಳು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ಬರೆದ ಮೇಲೆ ಹೇಳಿಕೊಳ್ಳಲು ನನಗೆ ಮುಖ ಉಳಿಯುವುದಿಲ್ಲ. ಗಂಗೊಳ್ಳಿಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ಕ್ಲಾಸು ದಾಟಿದವರಿಲ್ಲ. ಅಮ್ಮ ಮೀನಿಗೆ ಉಪ್ಪು ಹಾಕಿ, ಒಣಗಿಸಿ, ಮಾರಿ ನನ್ನನ್ನು ಓದಿಸಿದಳು. ಅವಳು ಉಪ್ಪನ್ನು ಅಳೆದದ್ದು ನಾನು ಕಂಡದ್ದಿಲ್ಲ. ಬುಟ್ಟಿಯ ಮೇಲೆ ಒಮ್ಮೆ ಕೈಯಾಡಿಸಿದರೆ ಮುಗಿಯಿತು, ಒಂದು ಮೀನೂ ಕೆಡುತ್ತಿರಲಿಲ್ಲ. ನಾನೋ ಪ್ರಯೋಗಶಾಲೆಯಲ್ಲಿ ಉಸಿರು ಬಿಗಿಹಿಡಿದು ಮಿಲಿಗ್ರಾಮುಗಳನ್ನು ತೂಗಿ ಬಂದವಳು. ಅಂದಾಜು ಎಂಬುದು ಓದದವರ ಉಪಾಯ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ. ನಮ್ಮಲ್ಲಿ ಕುಡಿಯುತ್ತಿದ್ದದ್ದು ಬೆಲ್ಲದ ಚಹಾ. ಕಾಫಿ ಫಿಲ್ಟರನ್ನು ಮೊದಲು ಕಂಡದ್ದೇ ಮದುವೆಯಾಗಿ ಬ್ರಹ್ಮಾವರದ ಹತ್ತಿರದ ಗಂಡನ ಮನೆಗೆ ಬಂದಾಗ. ಕುಡಿಯುವ ನೀರು ಸೋಸಲು ಇಟ್ಟದ್ದೆಂದುಕೊಂಡು ಎರಡು ದಿನ ಅದನ್ನು ಗೌರವದಿಂದ ತೊಳೆದಿಟ್ಟಿದ್ದೆ.

ಆ ಮನೆಯ ಯಜಮಾನರು ನನ್ನ ಮಾವ. ಬೊಂಬಾಯಿಯ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಕಾಫಿ ಮಾಡಿ ಊರಿಗೆ ಮರಳಿದವರು. ಲೋಕಕ್ಕೆಲ್ಲ ಕಾಫಿ ಕಾಸಿದ್ದು ಸಾಕು, ಇನ್ನು ನನಗೆ ಯಾರಾದರೂ ಕಾಸಿಕೊಡಲಿ ಎಂದು ಶಪಥ ಮಾಡಿ, ಅಡಿಗೆಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ಆ ಕೆಲಸ ಅತ್ತೆಯ ಪಾಲಿಗೆ ಬಂದಿತ್ತು. ಮನೆಯಲ್ಲಿ ಯಾರಿಗೆ ಏನು ಕೇಳಬೇಕಿದ್ದರೂ ಮಾವನ ಬೆಳಗಿನ ಕಾಫಿ ಮುಗಿಯುವವರೆಗೆ ಕಾಯಬೇಕು. ಕಾಫಿ ಹದವಾಗಿದ್ದರೆ ಹೂಂ. ಕೆಟ್ಟಿದ್ದರೆ ಆ ದಿನ ಬಾಯಿ ತೆರೆಯದಿರುವುದೇ ಜಾಣತನ.

ತೊಂಬತ್ತೊಂಬತ್ತರಲ್ಲಿ ನನಗೆ ಕುಂದಾಪುರದಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಶುಕ್ರವಾರ ಮಧ್ಯಾಹ್ನದೊಳಗೆ ಹೋಗಿ ಸೇರದಿದ್ದರೆ ಸೀಟು ಬೇರೆಯವರಿಗೆ. ತನ್ನ ಅಪ್ಪಯ್ಯ ಒಪ್ಪಿದರೆ ತನ್ನದೂ ಒಪ್ಪಿಗೆ ಎಂದು ಹೇಳಿ ಗಂಡ ಮಲ್ಪೆಗೆ ಹೋಗಿ ಮೀನಿನ ಬೋಟು ಹತ್ತಿದರು. ಒಳ್ಳೆಯ ಕಾಫಿ ಕೊಟ್ಟು ತಾನೇ ಮಾತು ತೆಗೆಯುತ್ತೇನೆ ಎಂದಿದ್ದರು ಅತ್ತೆ. ಅಷ್ಟರಲ್ಲಿ ವಂಡ್ಸೆಯಲ್ಲಿದ್ದ ನಾದಿನಿಗೆ ದಿನಕ್ಕೆ ಮೊದಲೇ ಹೆರಿಗೆ ನೋವು ಬಂದು, ಮಂಗಳವಾರ ಅತ್ತೆ ಚೀಲ ಹಿಡಿದು ಹೊರಟೇಬಿಟ್ಟರು. ಬಸ್ಸಿನ ಮೆಟ್ಟಿಲವರೆಗೂ ಹಿಂದೆ ಓಡಿ ಕೇಳಿದೆ: “ಪುಡಿ ಎಷ್ಟ್ ಹಾಕುದ್ ಅತ್ತೆ?”

“ಹಾಕುವಷ್ಟ್ ಹಾಕ್ ಮಗಾ,” ಎಂದರು ಅತ್ತೆ. ಬಸ್ಸು ಹೋಯಿತು.

ಬುಧವಾರ ಮೂರು ಚಮಚ ಹಾಕಿದೆ. ಮಾವ ಲೋಟದೊಳಗೆ ಬಹಳ ಹೊತ್ತು ನೋಡಿ, ಹೊಳೆಯ ತಳ ಕಾಣುತ್ತದೆ ಎಂದಷ್ಟೇ ಹೇಳಿ ತೆಂಗಿನ ಬುಡಕ್ಕೆ ಚೆಲ್ಲಿದರು. ಗುರುವಾರ ಎಂಟು ಚಮಚ ಹಾಕಿದೆ. ಒಂದು ಗುಟುಕು ಕುಡಿದು, ಇದನ್ನು ಕುಡಿಯುವುದಕ್ಕಿಂತ ದೋಣಿಯ ಅಡಿಗೆ ಬಳಿಯುವುದು ಒಳ್ಳೆಯದು ಎಂದರು. ಬಿ.ಎಡ್. ಸುದ್ದಿ ಎತ್ತಲು ಎರಡು ದಿನವೂ ಆಗಲಿಲ್ಲ. ಉಳಿದದ್ದು ಒಂದೇ ಬೆಳಗು.

ಆಗ ನನ್ನೊಳಗಿನ ಪದವೀಧರೆ ಎದ್ದಳು. ಚಮಚವೇ ತಪ್ಪು, ಒಮ್ಮೆ ಗೋಪುರವಾಗಿ ಏರುತ್ತದೆ, ಒಮ್ಮೆ ಬಟ್ಟಲಾಗಿ ಇಳಿಯುತ್ತದೆ. ತೂಕ ಬೇಕು. ಬಳಸಿದ ನೀರು, ಹಾಕಿದ ಪುಡಿ ಎಲ್ಲವನ್ನೂ ಹಳೆಯ ನೋಟ್‌ಬುಕ್ಕಿನ ಹಿಂದೆ ಬರೆದು ಭಾಗಿಸಿ ಗುಣಿಸಿದಾಗ ಇಪ್ಪತ್ತು ಗ್ರಾಂ ಎಂದು ಉತ್ತರ ಬಂತು. ಆ ಸಣ್ಣ ತೂಕಕ್ಕೆ ನಂಬುವಂಥ ತಕ್ಕಡಿ ಇದ್ದದ್ದು ನಮ್ಮ ಬೀದಿಯಲ್ಲಿ ಒಬ್ಬರ ಬಳಿ, ಚಿನ್ನದ ಕೆಲಸದ ಆಚಾರ್ರ ಬಳಿ. ಪುಡಿಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಅವರು ಗಾಜಿನ ಪೆಟ್ಟಿಗೆ ತೆರೆದು, ಒಂದು ಕಣ್ಣು ಮುಚ್ಚಿ, ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರು. “ಎರಡೂವರೆ ಪವನ್ ಆತ್ತ್ ಕಾಣ್. ಕುತ್ತಿಗಿಗ್ ಮಾಡುದಾ, ಕೈಗಾ?” ಎಂದು ಎಂಟು ಗ್ರಾಂಗೊಂದು ಪವನಿನ ಚಿನ್ನದ ಲೆಕ್ಕದಲ್ಲೇ ಕೇಳಿ, ಅಭ್ಯಾಸಬಲದಿಂದ ಗುಲಾಬಿ ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟರು.

ಶುಕ್ರವಾರ ಬೆಳಿಗ್ಗೆ ಪುಡಿಯನ್ನು ಒಂದು ಕಣವೂ ಚೆಲ್ಲದಂತೆ ಫಿಲ್ಟರಿಗೆ ಸುರಿದೆ. ನಡುವೆ ಗಾಳಿ ಉಳಿದರೆ ಲೆಕ್ಕ ತಪ್ಪೀತೆಂದು ಬಟ್ಟಲಿನ ತಳದಿಂದ ಚೆನ್ನಾಗಿ ಒತ್ತಿದೆ. ಕುದಿನೀರು ಹೊಯ್ದು ಕಿವಿಯಿಟ್ಟು ಕೂತೆ. ಒಂದು ಹನಿಯೂ ಬೀಳಲಿಲ್ಲ. ಹತ್ತು ನಿಮಿಷ ಹೋಯಿತು. ತಟ್ಟಿದೆ, ಅಲುಗಿಸಿದೆ, ಬೆರಳು ಸುಟ್ಟುಕೊಂಡೆ. ಎಂಟು ಗಂಟೆಯ ಬಸ್ಸು ತಪ್ಪಿದರೆ ಕುಂದಾಪುರದ ಕೆಲಸ ಕೆಟ್ಟಂತೆ. ಜಗಲಿಯಲ್ಲಿ ಮಾವ ಎರಡು ಸಲ ಕೆಮ್ಮಿದರು. ಆಮೇಲೆ ಕೆಮ್ಮು ನಿಂತು ಹೆಜ್ಜೆಯ ಸದ್ದು ಕೇಳಿಸಿತು. ಊರಿಗೆ ಮರಳಿದ ಮೇಲೆ ಆರು ವರ್ಷ ದಾಟದ ಹೊಸ್ತಿಲನ್ನು ದಾಟಿ ಅವರು ನನ್ನೆದುರು ನಿಂತಿದ್ದರು.

“ನಿನ್ನೆ ಸೆರಗಡಿ ಏನೋ ಮುಚ್ಕಂಡ್ ಹೋಯಿ ಆಚಾರ್ರಲ್ಲಿಂದ ಗುಲಾಬಿ ಕಾಗ್ದದ ಪೊಟ್ಲಿ ತಂದ್ಯಂಬ್ರ್. ಕೇರಿಯೆಲ್ಲ ಹೇಳ್ತಿತ್ತ್,” ಎಂದರು. ಸ್ವರ ತಗ್ಗಿಯೇ ಇತ್ತು. “ಕಾಲೇಜಿಗೆ ಸೇರುಕ್ ಬಂಗಾರ ಮಾರ್ದ್ಯಾ? ನನ್ ಹತ್ರ ಒಂದ್ ಮಾತ್ ಕೇಂಬುಕ್ ಆಯ್ಲಿಲ್ಯಾ ಹೆಣ್ಣೆ?”

ಸೀಟಿನ ಸುದ್ದಿ ಅವರಿಗೆ ಮೊದಲೇ ಗೊತ್ತಿತ್ತು. ಮನೆಗೆ ಬಂದ ಸೊಸೆ ತನ್ನನ್ನು ಕೇಳದೆ ಒಡವೆ ಮಾರುವಷ್ಟು ತಾನು ಕೆಟ್ಟವನಾದೆನೇ ಎಂದು ಅವರ ಮುಖ ಬಾಡಿಹೋಗಿತ್ತು. ಒಲೆಯ ಪಕ್ಕದಲ್ಲಿದ್ದ ಗುಲಾಬಿ ಕಾಗದವನ್ನು ಎತ್ತಿ ಕೊಟ್ಟೆ. “ಕಾಫಿಪುಡಿ ತೂಗ್ಸುಕ್ ಹೋದ್ದ್ ಮಾವ,” ಎಂದೆ.

ಮಾವ ಕಾಗದವನ್ನು ಮೂಸಿದರು. ಫಿಲ್ಟರಿನ ಮುಚ್ಚಳ ತೆಗೆದು ಒಳಗೆ ಇಣುಕಿದರು. ಸಿಮೆಂಟಿನಂತೆ ಗಟ್ಟಿಯಾಗಿದ್ದ ನನ್ನ ಎರಡೂವರೆ ಪವನನ್ನು ಕೆರೆದು ಬಿಸಾಡಿ, ಡಬ್ಬಿಯಿಂದ ಪುಡಿಯನ್ನು ನೋಡದೆಯೇ ಸುರಿದು, ಒತ್ತದೆ ಒಮ್ಮೆ ಅಲುಗಿಸಿ ನೀರು ಹೊಯ್ದರು. ಟಪ್ ಎಂದು ಹನಿ ಬಿತ್ತು. ಡಿಕಾಕ್ಷನ್ ಇಳಿದು ಮುಗಿದ ಮೇಲೆ ಹಾಲು, ಸಕ್ಕರೆ ಬೆರೆಸಿದರು. ಮೊದಲ ಲೋಟವನ್ನು ನನ್ನ ಕೈಗೇ ಕೊಟ್ಟರು.

“ಕುಡ್ದ್ ಹೊರಡ್, ಬಸ್ಸಿಗ್ ಹೊತ್ತಾಯ್ತ್. ಕಾಫಿಪುಡಿನ ಬಂಗಾರದ ತಕ್ಡಿಯಲ್ಲಿ ತೂಗುವವ್ರ್ ಅಡಿಗಿ ಮನಿಯೊಳ್ಗ್ ಇಪ್ಪುಕಾಗ. ಕಾಲೇಜಿಗೇ ಹೋಯ್ಕ್.”

ಹಾಗೆ ನಾನು ಟೀಚರಾದೆ. ಸೊಸೆಯನ್ನು ಓದಿಸಿದ ಮಾವ ಎಂದು ಊರು ಈಗಲೂ ಅವರನ್ನು ಹೊಗಳುತ್ತದೆ. ಹೊಗಳಿಕೆ ಬಂದಾಗಲೆಲ್ಲ ಅವರು ನನ್ನತ್ತ ನೋಡದೆ ಲುಂಗಿ ಸರಿಮಾಡಿಕೊಳ್ಳುತ್ತಾರೆ. ಫಿಲ್ಟರು ಅಂದಿನಿಂದ ಅವರ ಕೈಯಲ್ಲೇ ಇದೆ. ಅಂದು ಸಿಕ್ಕ ಒಪ್ಪಿಗೆ ನನ್ನ ಬುದ್ಧಿಗೆ ಮೆಚ್ಚಿ ಕೊಟ್ಟದ್ದೋ, ತಮ್ಮ ಕಾಫಿ ಉಳಿಸಿಕೊಳ್ಳಲು ಕೊಟ್ಟದ್ದೋ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಆ ಬೆಳಿಗ್ಗೆ ನನ್ನ ಕಾಫಿ ಹದವಾಗಿ ಇಳಿದುಬಿಟ್ಟಿದ್ದರೆ ಆ ಅಡಿಗೆಮನೆ ನನ್ನನ್ನು ಬಿಡುತ್ತಿತ್ತೇ ಎಂದು ನೆನೆದು, ಇಂದಿಗೂ ನಾನು ಫಿಲ್ಟರಿನ ಹತ್ತಿರ ಸುಳಿಯುವುದಿಲ್ಲ.