ಸರ್ಚ್ ಸರ್ವರೂ ನನ್ನ ಭಾಮೈದನೂ

ನಾನು ಸಾಲಿ ಬಿಟ್ಟದ್ದು ೧೯೮೧ರಲ್ಲಿ, ಏಳನೇ ಕ್ಲಾಸಿನ ನಡುವೆ. ಬಿಟ್ಟೆ ಎನ್ನುವುದಕ್ಕಿಂತ ಗಣಿತದ ಮೇಷ್ಟ್ರೂ ನಾನೂ ಪರಸ್ಪರ ಒಪ್ಪಿ ದೂರವಾದೆವು ಎಂದರೆ ಇಬ್ಬರಿಗೂ ಮರ್ಯಾದೆ. ಓದಿದವರು ಪುಸ್ತಕ ನೋಡಿ ಹೇಳುವುದನ್ನು ನಾನು ಕಣ್ಣು ಮುಚ್ಚಿ ಹೇಳಬಲ್ಲೆ ಎಂಬ ಸೊಕ್ಕು ಅಂದಿನಿಂದ ನನಗಿದೆ. ಅದಕ್ಕೆ ಆಧಾರವೂ ಇತ್ತೆನ್ನಿ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ನಾನು ಗ್ಯಾರೇಜಿನಲ್ಲಿ ನಟ್ಟು ತಿರುವುತ್ತ ಬೆಳೆದು ಲಾರಿ ಸಾಮಾನಿನ ಮೂರು ಅಂಗಡಿ ಇಟ್ಟೆ. ಬಳ್ಳಾರಿಯದು ನನ್ನ ಕೈಯಲ್ಲಿ, ಕುರುಗೋಡಿನ ಮನೆ ಮುಂದಿನದು ಹೆಂಡತಿ ಶರೀಫಾ ಕೈಯಲ್ಲಿ, ಸಿರುಗುಪ್ಪದ್ದು ಅವಳ ತಮ್ಮ ದಾದಾಪೀರನ ಕೈಯಲ್ಲಿ. ಯಾವ ಸಾಮಾನು ಯಾವ ಊರಿನ ಯಾವ ಮೂಲೆಯಲ್ಲಿದೆ ಎಂಬುದೆಲ್ಲ ನನ್ನ ತಲೆಯಲ್ಲೇ ಇತ್ತು.

ಆಮೇಲೆ ಗಣಿಯ ಕಾಲ ಬಂತು. ಬೆಳಿಗ್ಗೆ ತೊಟ್ಟ ಬಿಳಿ ಅಂಗಿ ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು. ಅಳತೆ ಮೀರಿ ಅದಿರು ಹೊತ್ತ ಲಾರಿಗಳ ಅಡಿಯಲ್ಲಿ ಭಾರ ತಾಳುವ ಕಮಾನ್ ಪಟ್ಟಿಗಳು ಹಪ್ಪಳದ ಹಾಗೆ ಮುರಿಯುತ್ತಿದ್ದವು. ಸಾಮಾನು ಹೆಚ್ಚುತ್ತ ಹೋಯಿತು, ತಲೆ ಮಾತ್ರ ಅಷ್ಟೇ ಉಳಿಯಿತು. ಕೊನೆಗೆ, ಕಂಪ್ಯೂಟರ್ ಪಾಠ ಹೇಳುವ ಪದ್ಮಾವತಮ್ಮ ಮೂರೂ ಅಂಗಡಿಯ ಸಾಮಾನಿನ ಹೆಸರು ತುಂಬಿ ಒಂದು ಸರ್ಚ್ ಸರ್ವರ್ ಕೂಡಿಸಿದರು. ಓಪನ್ ಸೋರ್ಸ್ ಅಂತೆ, ಲೈಸೆನ್ಸಿಗೆಂದು ಯಾರೂ ಕೈ ಚಾಚುವುದಿಲ್ಲವಂತೆ. ಆ ಮಾತು ಕಿವಿಗೆ ಬಿದ್ದದ್ದೇ ನಾನು ತಲೆಯಾಡಿಸಿದೆ. ಸಾಮಾನಿನ ಹೆಸರು ಒತ್ತಿದರೆ ಪ್ರಶ್ನೆ ಸರ್ವರಿಗೆ ಹೋಗಿ, ಎಷ್ಟಿದೆ ಎಂಬ ಉತ್ತರ ತರುತ್ತದೆ. ಕೂಡಿಸುವಾಗ ನಾನೂ ಒಂದೆರಡು ಸೂಚನೆ ಕೊಟ್ಟೆ. ಕೊಡದಿದ್ದರೆ ಮಾಲೀಕ ಹೇಗಾದೇನು?

ಒಂದು ದಿನ ಗಿರಾಕಿಯೊಬ್ಬ ಕಮಾನ್ ಪಟ್ಟಿ ಕೇಳಿಕೊಂಡು ಬಂದ. ಹೋದ ವಾರವಷ್ಟೇ ಹನ್ನೆರಡು ಸೆಟ್ ನಾನೇ ಸಿರುಗುಪ್ಪಕ್ಕೆ ಕಳಿಸಿದ್ದೆ. ಹೆಸರು ಒತ್ತಿದೆ. ಸೊನ್ನೆ. ಸರಿಯಾಗಿ ಕೇಳಿಸಿರಲಿಕ್ಕಿಲ್ಲವೆಂದು ಜೋರಾಗಿ ಒತ್ತಿದೆ. ಸೊನ್ನೆ. ಕೀಬೋರ್ಡ್ ಬೋರಲು ಹಾಕಿ ತಟ್ಟಿದರೆ ಕೆಂಪು ದೂಳು ಉದುರಿತು, ಉತ್ತರ ಉದುರಲಿಲ್ಲ. ವೈರು ಕಿತ್ತು, ಬಾಯಿಂದ ಊದಿ, ಮತ್ತೆ ಚುಚ್ಚಿ, ಒತ್ತುತ್ತಲೇ ಹೋದೆ. ಗ್ಯಾರೇಜಿನಲ್ಲಿ ಕಲಿತ ರಿಪೇರಿ ಅಲ್ಲಿಗೆ ಮುಗಿಯಿತು. ದಾದಾಪೀರನಿಗೆ ಫೋನ್ ಮಾಡಿದರೆ, ಹನ್ನೆರಡೂ ಇಲ್ಲೇ ಇವೆ ಮಾಮಾ ಎಂದ. ಯಂತ್ರಕ್ಕೆ ಬಂಧುಬಳಗವಿಲ್ಲ, ಅದೇಕೆ ಸುಳ್ಳು ಹೇಳೀತು? ಭಾಮೈದನೇ ಮಾಲು ಮಾರಿಕೊಂಡಿದ್ದಾನೆ ಎಂದು ತೀರ್ಮಾನಿಸಿ ಸಿರುಗುಪ್ಪಕ್ಕೆ ಮೋಟಾರ್ ಸೈಕಲ್ ಓಡಿಸಿದೆ.

ಹನ್ನೆರಡೂ ಸೆಟ್ ಗೋಡೆಗೆ ಒರಗಿ ಕೂತಿದ್ದವು, ಮೈಮೇಲೆ ವಾರದ ದೂಳು. ಬೇರೆ ಯಾರಾದರೂ ನಾಚಿಕೊಳ್ಳುತ್ತಿದ್ದರು. ನಾನು ಮಾತ್ರ, ಫೋನ್ ಇಟ್ಟ ಮೇಲೆ ಎಲ್ಲಿಂದಲೋ ಕಡ ತಂದಿದ್ದಾನೆ, ಅದೂ ದೂಳಿನ ಸಮೇತ ತಂದಿದ್ದಾನಲ್ಲ ಎಂದು ಅವನ ಜಾಣತನಕ್ಕೆ ಬೆರಗಾದೆ. ಕೀಲಿ ಕೊಡು ಎಂದೆ. ಹದಿನಾಲ್ಕು ವರ್ಷ ಆ ಅಂಗಡಿಯಲ್ಲಿ ದುಡಿದವನು ಕೀಲಿ ಗಲ್ಲಾಪೆಟ್ಟಿಗೆಯ ಮೇಲಿಟ್ಟ. "ಗ್ವಾಡಿನೂ ಎಣಿಸ್ಕೊಳ್ರಿ ಮಾಮಾ, ನಾಕ ಅದಾವು," ಎಂದು ಗೋಡೆಗಳ ಕಡೆ ಕೈ ತೋರಿಸಿ ಹೊರಟುಹೋದ.

ನಾನು ಕುರುಗೋಡು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಶರೀಫಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಆ ಡಬ್ಬಿ ಬಂದು ಆರು ತಿಂಗಳಾತು. ನನ್ ತಮ್ಮ ಹದಿನಾಕು ವರ್ಷದಿಂದ ಅದಾನ. ಡಬ್ಬೀದ ತಪ್ಪಂತ ಗೊತ್ತಾದ್ರ ಏನ್ ಮಾಡ್ತೀರಿ?"

ಅವನ ಕೈ ಹಿಡಿದು ಅಂಗಡಿಗೆ ಕರೆತರುತ್ತೇನೆ ಎಂದೆ. ಆಗುವುದಿಲ್ಲವೆಂಬ ಧೈರ್ಯವಿದ್ದರೆ ಎಂಥ ಮಾತನ್ನಾದರೂ ಕೊಡಬಹುದು.

ಮರುದಿನ ಪದ್ಮಾವತಮ್ಮನನ್ನು ಬಳ್ಳಾರಿ ಅಂಗಡಿಗೆ ಶರೀಫಾಳೇ ಕರೆಸಿ ತಾನೂ ಬಂದಳು. ಪದ್ಮಾವತಮ್ಮ ಬಂದ ಉತ್ತರವನ್ನು ನೋಡಲೇ ಇಲ್ಲ. ಮೊದಲು ಪ್ರಶ್ನೆ ಏನು ಹೋಗಿದೆ ನೋಡೋಣ ಎಂದರು. ಬಂದ ಪ್ರಶ್ನೆಗಳನ್ನೆಲ್ಲ ಸರ್ವರ್ ತಾನೇ ಬರೆದಿಟ್ಟುಕೊಳ್ಳುತ್ತದಂತೆ. ತೆರೆದು ನೋಡಿದರೆ ಒಂದೇ ಪ್ರಶ್ನೆ ಹತ್ತೊಂಬತ್ತು ಸಲ. ಪ್ರತಿಯೊಂದರ ಹಿಂದೆಯೂ ಬಾಲದ ಹಾಗೆ ಒಂದು ಷರತ್ತು: ಬಳ್ಳಾರಿ ಅಂಗಡಿಯಲ್ಲಿ ಮಾತ್ರ ಹುಡುಕು. ಯಾರು ಇದನ್ನು ಸೇರಿಸಿದ್ದು ಎಂದು ಗುಡುಗಿದೆ.

"ನೀವ ಹೇಳಿದ್ರಲ್ರಿ ಸಾಹುಕಾರ್ರ. ಒಂದ್ ಅಂಗಡಿ ಮಾಲು ಇನ್ನೊಂದಕ್ಕ ಗೊತ್ತಾಗಬಾರ್ದು, ಭಾಮೈದಗಂತೂ ಬ್ಯಾಡ ಅಂತ. ನಿಮಗರ ಮೂರೂ ಕಾಣ್ಲೇನ್ರಿ ಅಂತ ಕೇಳಿದ್ನಿ. ಹೇಳಿದಷ್ಟು ಮಾಡ್ರಿ ಅಂದ್ರಿ."

ಅಂದಿದ್ದೆ. ಶರೀಫಾ ನನ್ನ ಮುಖ ನೋಡಿದಳು. ನಾನು ವೈರು ನೋಡಿದೆ. ಸಿರುಗುಪ್ಪದ ಹನ್ನೆರಡು ಸೆಟ್ ಬಳ್ಳಾರಿಯಲ್ಲಿ ಇರಲಿಲ್ಲ, ಅದು ನಿಜವೇ. ನಾನು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಸರ್ವರ್ ಹತ್ತೊಂಬತ್ತು ಸಲ ತಾಳ್ಮೆಯಿಂದ ಕೊಟ್ಟಿತ್ತು.

ಆ ಬಾಲ ಕತ್ತರಿಸಲು ಪದ್ಮಾವತಮ್ಮನಿಗೆ ಎರಡು ನಿಮಿಷ ಸಾಕಾಯಿತು. ಶರೀಫಾಗೆ ನಾನು ಕೊಟ್ಟ ಮಾತು ಅಷ್ಟು ಬೇಗ ತೀರಲಿಲ್ಲ. ಸಿರುಗುಪ್ಪದಲ್ಲಿ ದಾದಾಪೀರ ಮನೆಯ ಕಟ್ಟೆ ಮೇಲೆ ಕೂತಿದ್ದ. ತಪ್ಪಾಯಿತು ಎಂಬ ಮಾತು ಅಭ್ಯಾಸವಿಲ್ಲದೆ ಕೆಮ್ಮಾಗಿ ಹೊರಬಂತು. ಅವನಿಗೆ ಅರ್ಥವಾಯಿತು. ಚಹಾ ತರಿಸಿದ. ನಾನು ಚಾಚಿದ ಕೀಲಿ ಮಾತ್ರ ಮುಟ್ಟಲಿಲ್ಲ.

"ಅಂಗಡಿಗೆ ಬರ್ತೀನಿ ಮಾಮಾ. ಕೀಲಿ ನಿಮ್ ಹತ್ರಾನ ಇರ್ಲಿ. ಮುಂಜಾನಿ ನೀವ ಬಂದು ತಗೀರಿ, ಸಂಜಿಗೆ ನೀವ ಬಂದು ಹಾಕ್ರಿ."

ತಮಾಷೆ ಎಂದುಕೊಂಡೆ. ಒಮ್ಮೆ ಬಸ್ಸಿನ ಕಂಡಕ್ಟರ್ ಕೈಲಿ ಕೀಲಿ ಕಳಿಸಿ ನೋಡಿದೆ. ಅದೇ ಬಸ್ಸಿಗೆ ವಾಪಸು ಬಂತು. ಶರೀಫಾ ಈಗ ಬೆಳಿಗ್ಗೆ ಸ್ವಲ್ಪ ಬೇಗ ರೊಟ್ಟಿ ಮಾಡುತ್ತಾಳೆ. ಈಗ ನನಗಿರುವುದು ಇಷ್ಟು: ಅಂಗಡಿ ಮೂರು, ಮೋಟಾರ್ ಸೈಕಲ್ ಒಂದು, ಭಾಮೈದ ಒಬ್ಬ, ಸಿರುಗುಪ್ಪಕ್ಕೆ ದಿನಕ್ಕೆ ಎರಡು ಸಲ.