ರಾಕೆಟ್ ಪರಮೇಶನ ಪವರ್‌ಬ್ಯಾಂಕು

ರಾತ್ರಿಯಿಡೀ ಚಾರ್ಜಿಗಿಟ್ಟಿದ್ದ ಪವರ್‌ಬ್ಯಾಂಕು ಬೆಳಿಗ್ಗೆ ನೋಡಿದರೆ ಪೂರಿಯಂತೆ ಉಬ್ಬಿ ಕೂತಿತ್ತು. ಪರಮೇಶ ಸ್ವಿಚ್ಚು ಆರಿಸಿ ಮುಟ್ಟಿದ. ಬಿಸಿ.

"ಅದು ಮನ್ಯಾಗಿಂದ ಹೋಗೂತನಕ ನಾ ಒಲಿ ಹಚ್ಚಂಗಿಲ್ಲ," ಎಂದಳು ಹೆಂಡತಿ ಅಹಲ್ಯಾ.

ಅವನು ಅದನ್ನು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು, ತಾರ್ನಾಕ ಬಡಾವಣೆಯ ತಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿದ. ಕೆಳಗೆ ನೆರೆಮನೆಯ ಗಂಗಾಬಾಯಿ ಸಿಕ್ಕರು.

"ನೀರಾಗ ಹಾಕ್ರಿ, ತಣ್ಣಗಾಗ್ತೈತಿ."

ನಿವಾಸಿಗಳ ಸಂಘದ ಕಾರ್ಯದರ್ಶಿ ಕಾಶಿನಾಥರು ಓಡಿಬಂದರು. "ನೀರು ಬ್ಯಾಡ್ರಿ! ಫ್ರಿಜ್ಜಿನ್ಯಾಗ ಇಡ್ರಿ."

"ಯಾರ ಫ್ರಿಜ್ಜಿನ್ಯಾಗ?" ಎಂದ ಪರಮೇಶ.

ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. "ನಮ್ಮನ್ನ ಯಾಕ ಕೇಳ್ತೀರಿ? ಡಿಫೆನ್ಸಿನ್ಯಾಗ ರಾಕೆಟ್ ಮಾಡೋರು ನೀವು!" ಎಂದರು ಕಾಶಿನಾಥರು.

ಪರಮೇಶ ತಟ್ಟೆಯನ್ನು ಇನ್ನಷ್ಟು ದೂರ ಹಿಡಿದ. ಪಾಪ, ಅವನು ಆ ರಕ್ಷಣಾ ಘಟಕದ ಕ್ಯಾಂಟೀನಿನಲ್ಲಿ ಉಪ್ಪಿಟ್ಟಿಗೆ ರವೆ ತೂಗುವವನು. ಹನ್ನೊಂದು ವರ್ಷದ ಹಿಂದೆ ಯಾರೋ "ರಾಕೆಟ್ ಸಾರ್" ಅಂದಾಗ ಸುಮ್ಮನೆ ನಕ್ಕಿದ್ದ. ಆ ಒಂದು ನಗುವಿನಿಂದ ಕಾರಿಗೆ ನೆರಳಿನ ಜಾಗವೂ ಗಣೇಶನ ಮೊದಲ ಮಂಗಳಾರತಿಯೂ ಅವನಿಗೆ ದಕ್ಕಿದ್ದವು. ಈಗ ಗೊತ್ತಿಲ್ಲ ಅಂದರೆ ಮಾನ ಹೋಗುತ್ತದೆ. ಗೊತ್ತು ಅಂದರೆ ಬೆರಳು ಹೋಗುತ್ತದೆ.

ತೋಚದೆ ಕಸದ ಡಬ್ಬಿಯತ್ತ ಹೊರಟ. ಗುಡಿಸುವ ರೇಣುಕಾ ಕಸಬರಿಗೆ ಅಡ್ಡ ಹಿಡಿದಳು. "ಕಸದ ಗಾಡಿಗೆ ಬೆಂಕಿ ಹಚ್ಚಾವ್ರೇನ್ರಿ? ಒಣಾ ಉಸುಕಿನ್ಯಾಗ ಮುಚ್ಚಿ ಬಯಲಾಗ ಇಡ್ರಿ!"

ತಟ್ಟೆ ಸುಡತೊಡಗಿತ್ತು. ಗೇಟಿನ ಬಳಿಯ ಮರಳಿನ ಬಕೆಟ್ಟಿನಲ್ಲಿ ಅದನ್ನು ಹೂತು ಪರಮೇಶ ಹಿಂದಕ್ಕೆ ಹಾರಿದ. ಬುಸ್ಸೆಂದು ಹೊಗೆ ಎದ್ದಿತು, ಎಲ್ಲರೂ ಕೆಮ್ಮಿದರು, ಸ್ವಲ್ಪ ಹೊತ್ತಿಗೆ ಎಲ್ಲ ಶಾಂತವಾಯಿತು. ಜನ ಚಪ್ಪಾಳೆ ತಟ್ಟಿದರು.

"ನೋಡ್ರಿ, ವಿಜ್ಞಾನಿ ಅಂದ್ರ ಹಿಂಗಿರಬೇಕು!" ಎಂದರು ಕಾಶಿನಾಥರು. "ಇನ್ನ ಮ್ಯಾಲೆ ಎಲ್ಲಾರ ಹಾಳಾದ ಬ್ಯಾಟರಿ ಇವರ ಮನೀಗೇ ಕೊಡ್ರಿ."

ಪರಮೇಶ ಮರಳಿನ ಬಕೆಟ್ಟನ್ನೊಮ್ಮೆ ನೋಡಿದ. ಮಾನಕ್ಕಿಂತ ಪ್ರಾಣ ದೊಡ್ಡದೆಂದು ಆಗ ಹೊಳೆಯಿತು.

"ಬ್ಯಾಡ್ರಿ! ಬುದ್ಧಿ ಹೇಳಿದಾಕಿ ರೇಣುಕಾ. ನಾ ರಾಕೆಟ್ ಮಾಡಂಗಿಲ್ರಿ. ಕ್ಯಾಂಟೀನಿನ್ಯಾಗ ರವಾ ತೂಗ್ತೀನಿ!"

ಹನ್ನೊಂದು ವರ್ಷದ ಭಾರ ಇಳಿದು ಪರಮೇಶನಿಗೆ ಹಾಯೆನಿಸಿತು. ಕಾಶಿನಾಥರು ಅವನ ಹೆಗಲ ಮೇಲೆ ಕೈಯಿಟ್ಟು ಪಿಸುಗುಟ್ಟಿದರು.

"ತಿಳೀತ್ರಿ. ಗುಪ್ತ ಕೆಲಸದೋರು ಹಂಗ ಹೇಳಬೇಕಾಗ್ತೈತಿ. ನಾವೂ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಸಂಜೆ ಅವನ ಬಾಗಿಲಲ್ಲಿ ದೊಡ್ಡ ಸಾಲು. ಒಬ್ಬರ ಕೈಯಲ್ಲಿ ಉಬ್ಬಿದ ಮೊಬೈಲು, ಇನ್ನೊಬ್ಬರ ಕೈಯಲ್ಲಿ ಲ್ಯಾಪ್‌ಟಾಪು, ಕೊನೆಯವರ ಹೆಗಲ ಮೇಲೆ ಸ್ಕೂಟರಿನ ಬ್ಯಾಟರಿ. ಗಂಗಾಬಾಯಿ ಆಚೀಚೆ ನೋಡಿ, ದನಿ ತಗ್ಗಿಸಿ ಅಹಲ್ಯಾಳನ್ನು ಕೇಳಿದರು:

"ರವಾ ತೂಗೋ ಸಾಹೇಬ್ರು ಮನ್ಯಾಗ ಅದಾರೇನ್ರೀ?"